ಸಹಾಯ ಬೇಕು: ‘ಓಬವ್ವ’ ಹೆಸರಿನ ಮೂಲ ಏನು?

ನಮಸ್ಕಾರ. ನಾವು ಚಿತ್ರದುರ್ಗದವರು. ಮುಂದಿನ ವಾರ ಮಗಳನ್ನು ತೊಟ್ಟಿಲಿಗೆ ಹಾಕುತ್ತೇವೆ. ಮುತ್ತಜ್ಜಿಯ ಹೆಸರು ಓಬವ್ವ. ಅದನ್ನೇ ಇಡಬೇಕೆಂದು ನನ್ನ ಆಸೆ. ಹೇಳಿದ್ದೇ ತಡ, ‘ಒನಕೆ ಎಲ್ಲಿ?’ ಅಂತ ಎಲ್ಲರೂ ತಮಾಷೆ ಶುರು ಮಾಡಿದರು! ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಬಡಿದವಳ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು ಬಿಡಿ. ನನಗೆ ಬೇಕಿರುವುದು ಹೆಸರಿನ ಅರ್ಥ. ‘ಅವ್ವ’ ಅಂದರೆ ತಾಯಿ, ಸರಿ. ‘ಓಬ’ ಎಲ್ಲಿಂದ ಬಂತು? ಆಂಧ್ರದ ಅಹೋಬಲ ನರಸಿಂಹನ ಹೆಸರೇ ಜನರ ಬಾಯಲ್ಲಿ ಓಬಳ ಆಯಿತು, ಅದರಿಂದಲೇ ಓಬಣ್ಣ, ಓಬಳೇಶ, ಓಬವ್ವ ಎನ್ನುತ್ತಾರೆ ನಮ್ಮ ಸೋದರಮಾವ. ಇದಕ್ಕೆ ಶಾಸನದಲ್ಲೋ ಹಳೇ ಕಡತದಲ್ಲೋ ಆಧಾರ ನೋಡಿದವರು ಇದ್ದೀರಾ? ಹೆಂಡತಿಗೆ ‘ಅವ್ವ’ ಜಾಸ್ತಿ ಹಳೇದು ಅನ್ನಿಸುತ್ತಿದೆ. ಅದನ್ನು ತೆಗೆದರೆ ಹೆಸರಲ್ಲಿ ಉಳಿಯೋದೇನು, ಅಲ್ವಾ? ಗೊತ್ತಿದ್ದವರು ದಯವಿಟ್ಟು ಬೇಗ ತಿಳಿಸಿ.