ಲೈವ್ ಕಾಣ್ತದ, ರೆಕಾರ್ಡ್ ಆಗ್ಲಿಕತ್ತದೋ ಇಲ್ಲೋ ಹ್ಯಾಂಗ ನೋಡ್ಬೇಕು?

ಸೇಡಂ_ರಸ್ತೆ (ಕಲಬುರಗಿ):

ಮನ್ಯಾಗ ಸಿಸಿಟಿವಿದು 4 ಚಾನೆಲ್ ಡಿವಿಆರ್ (ರೆಕಾರ್ಡ್ ಮಾಡೋ ಡಬ್ಬಿ), 2 ಮೆಗಾಪಿಕ್ಸೆಲ್‌ದು 4 ಕ್ಯಾಮೆರಾ, 1 ಟಿಬಿ ಹಾರ್ಡ್ ಡಿಸ್ಕ್ ಅವ. ಹಾಲ್‌ನಾಗ ಬ್ಯಾರೆ ಒಂದು ವೈಫೈ ಕ್ಯಾಮೆರಾ ಅದ, 64 ಜಿಬಿ ಕಾರ್ಡಿಂದು. ಮುಂದಿನ ವಾರ 15 ದಿನ ಮನಿಗಿ ಕೀಲಿ ಹಾಕಿ ಹೋಗೋದದ. ಮೊಬೈಲ್‌ನಾಗ ಐದೂ ಲೈವ್ ಬರ್ತಾವ. ಆದ್ರ ಹಿಂದಿಂದು ಹುಡುಕಿದ್ರ 5 ದಿನದ ಹಿಂದಿಂದು ಏನೂ ಸಿಗವಲ್ದು. ಹಿತ್ತಲ ಕಡಿ ಕ್ಯಾಮೆರಾ ರಾತ್ರಿ ಬಂದ್ ಆಗ್ತದ, ಮುಂಜಾನಿ ತಾನೇ ಚಾಲೂ ಆಗ್ತದ. ಹೋಗೋದಕ್ಕಿಂತ ಮೊದಲ ಏನೇನು ನೋಡ್ಬೇಕ್ರಿ?

ತಂತಿ_ಪಕ್ಕಡ್ (ಕಲಬುರಗಿ):

ಲೈವ್ ಬರೋದಕ್ಕೂ ರೆಕಾರ್ಡ್ ಆಗೋದಕ್ಕೂ ಸಂಬಂಧ ಇಲ್ರಿ. ಡಿಸ್ಕ್ ಕಿತ್ತಿ ಹೊರಗ ಇಟ್ರೂ ಲೈವ್ ಛಂದ ಬರ್ತದ. ನಿನ್ನಿ ರಾತ್ರಿ 2ರಿಂದ 3ರ ತನಕದ್ದು ಪ್ಲೇಬ್ಯಾಕ್‌ನಾಗ ತಗಿರಿ, ನಾಲ್ಕೂ ಚಾನೆಲ್ ಒಂದೊಂದಾಗಿ. ಬರೇ ಟೈಮ್‌ಲೈನ್ ಪಟ್ಟಿ ಕಾಣಿಸಿದ್ರ ಸಾಲದು, ಓಡಿಸಿ ನೋಡ್ರಿ. ಪಟ್ಟಿ ತುಂಬ ಬಣ್ಣ ಇದ್ದು ಒತ್ತಿದ್ರ ಕಪ್ಪು ಪರದೆ ಬರೋದೂ ಅದ. ಹಂಗ ಬಂದ್ರ ಡಿಸ್ಕ್‌ನಾಗ ಕೆಟ್ಟ ಸೆಕ್ಟರ್ ಅವ ಅಂತ ಅನುಮಾನ ಪಡ್ರಿ.

ಡಿವಿಆರ್ ಮೆನುವಿನಾಗ ಸ್ಟೋರೇಜ್ ತಗದು ಡಿಸ್ಕ್ ಮುಂದ ನಾರ್ಮಲ್ ಅಂತ ಅದ ಏನು ನೋಡ್ರಿ. ಖಾಲಿ ಜಾಗ 0 ತೋರಿಸಿದ್ರ ಗಾಬರಿ ಬ್ಯಾಡ. ಓವರ್‌ರೈಟ್ ಆನ್ ಇದ್ರ ಅದು ತುಂಬೇ ಇರ್ತದ, ಹಳೇದು ಅಳಿಸಿ ಹೊಸಾದು ಬರೀತದ. ಓವರ್‌ರೈಟ್ ಆಫ್ ಇದ್ದು 0 ಇದ್ರ ಮಾತ್ರ ರೆಕಾರ್ಡಿಂಗ್ ನಿಂತದ ಅಂತ ಅರ್ಥ. ಎರರ್ ಅಥವಾ ಅನ್‌ಇನಿಷಿಯಲೈಜ್ಡ್ ಅಂತ ಬಂದ್ರ ಅವಸರದಾಗ ಇನಿಷಿಯಲೈಜ್ ಒತ್ತಬ್ಯಾಡ್ರಿ, ಇದ್ದದ್ದೆಲ್ಲಾ ಹೋಗ್ತದ. ಮೊದಲ ಡಿವಿಆರ್ ಆಫ್ ಮಾಡಿ, ಮುಚ್ಚಳ ತಗದು, ಸಾಟಾ ಕೇಬಲ್ ಮತ್ತ ಡಿಸ್ಕಿನ ಪವರ್ ಪಿನ್ ಕಿತ್ತಿ ಗಟ್ಟಿ ಕೂಡ್ಸಿ ನೋಡ್ರಿ. ಟಕ್ ಟಕ್ ಸಪ್ಪಳ ಬರ್ಲಿಕತ್ತಿದ್ರ ಡಿಸ್ಕ್ ಬದಲಿ ಮಾಡೋದೇ.

ಇನ್ನ ನಿಮ್ಮ 5 ದಿನದ್ದು ಕೆಟ್ಟದ್ದಲ್ಲ, ಲೆಕ್ಕ. ಬಿಟ್‌ರೇಟ್ (ಸೆಕೆಂಡಿಗಿ ಬರಿಯೋ ಡೇಟಾ) 4096 ಕೆಬಿಪಿಎಸ್ ಇದ್ರ ಒಂದು ಕ್ಯಾಮೆರಾ ದಿನಕ್ಕ 43-44 ಜಿಬಿ ನುಂಗ್ತದ. ನಾಲ್ಕಕ್ಕ 175ರ ಸುತ್ತ. 1 ಟಿಬಿ ಅಂದ್ರ ಐದೂವರಿ ದಿನಕ್ಕ ಮುಗೀತು. ಅದನ್ನ 1024ಕ್ಕ ಇಳಿಸಿ, ಕೋಡೆಕ್ (ವಿಡಿಯೋ ಕುಗ್ಗಿಸೋ ವಿಧಾನ) ಎಚ್.265 ಮಾಡಿ, ಸೆಕೆಂಡಿಗಿ ಫ್ರೇಮ್ 12 ಅಥವಾ 15 ಇಟ್ರ 22 ದಿನ ನಿಲ್ತದ. ಎಚ್.264 ಮ್ಯಾಲೇ ಬಿಟ್ಟು ಬಿಟ್‌ರೇಟ್ ಅಷ್ಟೇ ಇಳಿಸಿದ್ರ ಓಡಾಡೋರ ಮುಖ ಕಲಸಿಹೋಗ್ತದ, ಅದಕ್ಕ ಎರಡೂ ಕೂಡೇ ಬದಲಿ ಮಾಡ್ರಿ. ಗೇಟಿನ ಕ್ಯಾಮೆರಾ ಬೇಕಾದ್ರ 1536ಕ್ಕ ಇಡ್ರಿ, ಆಗೂ 20 ದಿನದ ಹತ್ರ ಬರ್ತದ.

ಗಡಿಯಾರ ಮರೀಬ್ಯಾಡ್ರಿ. ಪ್ಲಗ್ ಹತ್ತು ನಿಮಿಷ ಕಿತ್ತಿ ಮತ್ತ ಹಚ್ಚಿದಾಗ ತಾರೀಖು 2000 ಅಥವಾ 1970ಕ್ಕ ಹೋದ್ರ ಒಳಗಿನ ಬಟನ್ ಸೆಲ್ ಸತ್ತದ. ಭಾಳ ಡಿವಿಆರ್‌ನಾಗ ಅದು ಸಿಆರ್2032. ಸೆಲ್ ಸತ್ರ ರೆಕಾರ್ಡ್ ಆಗಿರ್ತದ, ಆದ್ರ ತಪ್ಪು ತಾರೀಖಿನ್ಯಾಗ ಕುಂತಿರ್ತದ. ನೀವು ಇವತ್ತಿಂದು ಹುಡುಕ್ತೀರಿ, ಸಿಗಂಗಿಲ್ಲ.

ಬಿಸಿಲೂರು (ಕಲಬುರಗಿ):

ರಾತ್ರಿ ಅಷ್ಟೇ ಬಂದ್ ಆಗೋ ಕ್ಯಾಮೆರಾ ಅಂದ್ರ ನೂರಕ್ಕ ತೊಂಬತ್ತು ಪವರ್‌ದೇ ತೊಂದ್ರಿ. ಕತ್ತಲಾದ್ರ ಐಆರ್ ಎಲ್‌ಇಡಿ (ರಾತ್ರಿ ಕಾಣ್ಲಿಕ್ಕ ಇರೋ ಇನ್‌ಫ್ರಾರೆಡ್ ದೀಪ) ಹತ್ತತಾವ, ಕರೆಂಟ್ ಹೆಚ್ಚಿಗಿ ಎಳೀತಾವ, ವೋಲ್ಟೇಜ್ ಕುಸೀತದ, ಕ್ಯಾಮೆರಾ ಬಂದ್ ಆಗ್ತದ ಇಲ್ಲಾಂದ್ರ ರೀಸ್ಟಾರ್ಟ್ ಹೊಡೀತದ.

ರಾತ್ರಿ ತನಕ ಕಾಯೋದು ಬ್ಯಾಡ. ಹಗಲೇ ಕ್ಯಾಮೆರಾ ಮಾರಿಗಿ ದಪ್ಪ ಕಪ್ಪು ಬಟ್ಟಿ ಸುತ್ರಿ, ಐಆರ್ ಹತ್ತತದ. ಬಟ್ಟಿ ಅಂಚಿನ್ಯಾಗಿಂದ ಸಣ್ಣಗ ಕೆಂಪು ಕಾಣ್ತದ. ಕಾಣಲಿಲ್ಲಂದ್ರ ಮೊಬೈಲ್‌ನ ಸೆಲ್ಫಿ ಕ್ಯಾಮೆರಾದಾಗ ನೋಡ್ರಿ, ನೇರಳೆ ಬೆಳಕು ಕಾಣ್ತದ. ಆವಾಗ ಕ್ಯಾಮೆರಾ ಹತ್ರದ ಡಿಸಿ ಪಿನ್‌ನಾಗ ಮಲ್ಟಿಮೀಟರ್ ಹಿಡೀರಿ. ಪಿನ್ ಕಿತ್ತಿ ಅಳೀಬ್ಯಾಡ್ರಿ, ಲೋಡ್ ಇಲ್ಲದಾಗ ಎಂಥಾ ಕೆಟ್ಟ ವೈರೂ 12 ತೋರಿಸ್ತದ. ಹಚ್ಚಿದ್ದು ಹಚ್ಚಿದಂಗೇ ಇರ್ಲಿ. 11.5 ಮ್ಯಾಲ ಇದ್ರ ಚಿಂತಿಲ್ಲ, 11ರ ಕೆಳಗ ಇಳಿದ್ರ ಅದೇ ರೋಗ. ಅದೇ ಹೊತ್ತಿಗಿ ಎಸ್‌ಎಂಪಿಎಸ್ (ಕ್ಯಾಮೆರಾಗಳಿಗಿ 12 ವೋಲ್ಟ್ ಕೊಡೋ ಪವರ್ ಡಬ್ಬಿ) ಬಾಯಾಗೂ ಅಳೀರಿ. ಅಲ್ಲೇ ಕಡಿಮಿ ಇದ್ರ ಎಸ್‌ಎಂಪಿಎಸ್ ಹೋಗ್ಯದ. ಅಲ್ಲಿ 12 ಇದ್ದು ಕ್ಯಾಮೆರಾ ಹತ್ರ ಕಡಿಮಿ ಅಂದ್ರ ವೈರ್ ಅಥವಾ ಜಾಯಿಂಟ್. ಎಸ್‌ಎಂಪಿಎಸ್‌ದು ಸಣ್ಣ ತಿರುಪು ತಿರುಗಿಸಿ ವೋಲ್ಟೇಜ್ ಏರಿಸೋರು ಅದಾರ. ಹಂಗ ಮಾಡಿದ್ರ ಹತ್ರದ ಕ್ಯಾಮೆರಾ ಸುಡೋ ಅಪಾಯ ಅದ.

ಮತ್ತೊಂದು: ಡಿವಿಆರ್ ಇನ್ವರ್ಟರ್ ಲೈನಿಗಿ ಇದ್ದು ಎಸ್‌ಎಂಪಿಎಸ್ ಮಾಮೂಲಿ ಲೈನಿಗಿ ಇರೋ ಮನಿ ಭಾಳ ಅವ. ಕರೆಂಟ್ ಹೋದ್ರ ಡಿವಿಆರ್ ಎಚ್ಚರ ಇರ್ತದ, ಕ್ಯಾಮೆರಾ ಒಂದೂ ಇರಂಗಿಲ್ಲ. ಮೇನ್ ಎಂಸಿಬಿ ಹತ್ತು ನಿಮಿಷ ಇಳಿಸಿ, ಆಮ್ಯಾಲ ಆ ಹತ್ತು ನಿಮಿಷದ್ದು ಪ್ಲೇಬ್ಯಾಕ್ ನೋಡ್ರಿ. ರೌಟರ್ ಬಂದ್ ಆಗಿ ಮೊಬೈಲ್‌ನಾಗ ಆಫ್‌ಲೈನ್ ಅಂತ ಬಂದ್ರ ಅದು ಬ್ಯಾರೆ ಮಾತು, ರೆಕಾರ್ಡಿಂಗ್‌ಗಿ ಇಂಟರ್‌ನೆಟ್ ಬೇಕಿಲ್ಲ.

ಡಿವಿಆರ್ ಅಲಮಾರದಾಗ ಇಟ್ಟು ಬಾಗಲಾ ಹಾಕಿದ್ದಿದ್ರ ತಗದು ಹೊರಗ ಇಡ್ರಿ. ನಮ್ಮ ಬ್ಯಾಸಗಿ ಗೊತ್ತೇ ಅದ, ಕೀಲಿ ಹಾಕಿದ ಮನ್ಯಾಗ ಕಿಡಕಿನೂ ತೆರೆದಿರಂಗಿಲ್ಲ. ಮ್ಯಾಲ ಸೆಟ್‌ಟಾಪ್ ಬಾಕ್ಸ್, ಕುಸುರಿ ಬಟ್ಟಿ ಏನೂ ಬ್ಯಾಡ. ಸುತ್ತ ನಾಕು ಬೆರಳು ಗಾಳಿ ಆಡ್ಬೇಕು.

ಕೋಟೆ_ಬಾಗಿಲು (ಬೀದರ್):

ವೈಫೈ ಕ್ಯಾಮೆರಾದ ಬಗ್ಗೆ ಯಾರೂ ಹೇಳಲಿಲ್ಲ. ಅದರ ಕಾರ್ಡು ಸದ್ದಿಲ್ಲದೆ ಸಾಯುತ್ತದೆ. ಸವೆದ ಕಾರ್ಡು ಎಷ್ಟೋ ಸಲ ಓದಲಷ್ಟೇ ಬರುವ ಸ್ಥಿತಿಗೆ ಹೋಗುತ್ತದೆ. ಆ್ಯಪ್ ಕಾರ್ಡ್ ಇದೆ ಅನ್ನುತ್ತದೆ, ಹಳೆಯ ವಿಡಿಯೋ ತೋರಿಸುತ್ತದೆ, ಹೊಸದು ಬರೆಯುವುದಿಲ್ಲ. ಕ್ಯಾಮೆರಾ ಮುಂದೆ ನಿಂತು ಕೈ ಬೀಸಿ, ಐದು ನಿಮಿಷ ಬಿಟ್ಟು ಕಾರ್ಡಿನ ಟೈಮ್‌ಲೈನ್‌ನಲ್ಲಿ ಅದೇ ಕ್ಷಣ ಹುಡುಕಿ. ಸಿಗದಿದ್ದರೆ ಆ್ಯಪ್‌ನಿಂದಲೇ ಫಾರ್ಮ್ಯಾಟ್ ಮಾಡಿ ಇನ್ನೊಮ್ಮೆ ನೋಡಿ. ಆಗಲೂ ಸಿಗದಿದ್ದರೆ ಹೈ ಎಂಡ್ಯೂರೆನ್ಸ್ ಎಂದು ಬರೆದಿರುವ ಕಾರ್ಡೇ ತನ್ನಿ. ಫೋನಿಗೆ ಹಾಕುವ ಅಗ್ಗದ ಕಾರ್ಡು ದಿನವಿಡೀ ಬರೆಯುವ ಕೆಲಸಕ್ಕೆ ಬಾಳುವುದಿಲ್ಲ.

64 ಜಿಬಿಯಲ್ಲಿ 1 ಎಂಬಿಪಿಎಸ್‌ನಂತೆ ಸತತ ರೆಕಾರ್ಡ್ ಮಾಡಿದರೆ 5 ದಿನ ಚಿಲ್ಲರೆ ಸಿಗುತ್ತದೆ. 15 ದಿನ ಬೇಕೆಂದರೆ ಚಲನೆ ಕಂಡಾಗ ಮಾತ್ರ ರೆಕಾರ್ಡ್ ಆಗುವಂತೆ ಇಡಿ. ಹೊರಗಿನ ಕ್ಯಾಮೆರಾಗಳಿಗೆ ಇದು ಬೇಡ. ಜೇಡರ ಬಲೆ ಅಲ್ಲಾಡಿದರೂ, ಐಆರ್ ಬೆಳಕಿಗೆ ಹುಳ ಬಂದರೂ ಅದಕ್ಕೆ ಚಲನೆಯೇ. ಅದರ ಕಾಟಕ್ಕೆ ಸೆನ್ಸಿಟಿವಿಟಿ ಇಳಿಸಿದರೆ ಮನುಷ್ಯ ಬಂದಾಗ ಹಿಡಿಯುವುದಿಲ್ಲ.

ಸೇಡಂ_ರಸ್ತೆ (ಕಲಬುರಗಿ):

ಎಲ್ಲಾ ನೋಡ್ದೆ. ಬಿಟ್‌ರೇಟ್ 4096 ಇತ್ತು, ಎಚ್.264. ಡಿಸ್ಕ್ ನಾರ್ಮಲ್, ತಾರೀಖು ಬರೋಬರ್. ಬಟ್ಟಿ ಸುತ್ತಿ ಅಳೆದ್ರ ಎಸ್‌ಎಂಪಿಎಸ್ ಹತ್ರ 12.1, ಹಿತ್ತಲ ಕ್ಯಾಮೆರಾ ಹತ್ರ 10.3. ವೈರ್ 30 ಮೀಟರ್ ಇರಬೇಕು, 3+1 ಕೇಬಲ್ (ಮೂರು ಸಣ್ಣ ವೈರ್, ಒಂದು ವಿಡಿಯೋ ವೈರ್). ಪೂರಾ ವೈರ್ ಬದಲಿ ಮಾಡ್ಬೇಕಾ?

ತಂತಿ_ಪಕ್ಕಡ್ (ಕಲಬುರಗಿ):

ಬ್ಯಾಡ. ಮೊದಲ ಎರಡೂ ತುದಿ ಡಿಸಿ ಪಿನ್ ಕತ್ತರಿಸಿ ಹೊಸಾವು ಹಾಕ್ರಿ. ಒಳಗ ಹಸಿರು ಜಂಗು ಹಿಡಿದ ಪಿನ್ ಒಂದೇ ಅರ್ಧ ವೋಲ್ಟ್ ತಿಂತದ. ಬರೇ ತಿರುವಿ ಟೇಪ್ ಸುತ್ತಿದ ಜಾಯಿಂಟ್ ಇದ್ರ ಬೆಸುಗಿ ಹಾಕ್ರಿ. ನಿಮ್ಮದ್ರಾಗ ಆಡಿಯೋ ಇಲ್ಲಂದ್ರ ಮೂರು ಸಣ್ಣ ವೈರ್‌ನಾಗ ಒಂದು ಖಾಲಿ ಇರ್ತದ. ಅದನ್ನ ಎರಡೂ ತುದಿಗಿ ಪ್ಲಸ್ ಜೋಡಿ ಕೂಡ್ಸಿದ್ರ ವೈರಿನ್ಯಾಗ ಕಳೀತಿದ್ದ ವೋಲ್ಟೇಜ್‌ನಾಗ ನಾಕಾಣೆ ಉಳೀತದ. ಇಷ್ಟೆಲ್ಲಾ ಮಾಡಿನೂ 11.5 ಬರ್ಲಿಲ್ಲಂದ್ರ ಹಿತ್ತಲ ಕಡಿ ಪ್ಲಗ್ ಇದ್ದಲ್ಲಿ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಹಾಕಿ ಆ ಒಂದಕ್ಕ ಬ್ಯಾರೆ ಪವರ್ ಕೊಡ್ರಿ, ನೀರು ಬೀಳದಂಗ ಡಬ್ಬ್ಯಾಗ. ಆ ಪ್ಲಗ್ ಇನ್ವರ್ಟರ್ ಲೈನಿಂದು ಇರ್ಬೇಕು, ಇಲ್ಲಾಂದ್ರ ಬಿಸಿಲೂರವ್ರು ಹೇಳಿದ ಕಥಿನೇ ಮತ್ತ.

ಎಚ್‌ಡಿಡಿ ಎರರ್, ವಿಡಿಯೋ ಲಾಸ್ ಎರಡಕ್ಕೂ ಅಲಾರ್ಮ್ ಆನ್ ಮಾಡಿ ಮೊಬೈಲ್ ನೋಟಿಫಿಕೇಶನ್ ಇಡ್ರಿ. ಪೀಂ ಪೀಂ ಅಂತದ ಅಂತ ಹಾಕೋ ದಿನಾನೇ ಅದನ್ನ ಬಂದ್ ಮಾಡಿರ್ತಾರ.

ಬಿಸಿಲೂರು (ಕಲಬುರಗಿ):

ಹೊಂಡೋ ಹಿಂದಿನ ರಾತ್ರಿ ಇನ್ನೊಮ್ಮೆ 2ರಿಂದ 3ರದ್ದು ಓಡಿಸಿ ನೋಡ್ರಿ, ಹಿತ್ತಲದ್ದು ಮೊದಲ.