ಆನ್ಸೆಲ್ಮನನ್ನು ಓದಿದವರು ಹೇಳಿ: ಇದು ತರ್ಕವೋ, ಅಧ್ಯಾತ್ಮ ಸಾಧನೆಯೋ?

ಪ್ರಶ್ನೆ: ಎಂ.ಎ.ಗೆ 11ನೇ ಶತಮಾನದ ಕ್ರೈಸ್ತ ಸನ್ಯಾಸಿ ಆನ್ಸೆಲ್ಮನ ‘ಪ್ರೊಸ್ಲೋಗಿಯನ್’ ಅನ್ನುವ ಪುಸ್ತಕ ಇದೆ. ದೇವರಿದ್ದಾನೆ ಅಂತ ತೋರಿಸುವ ಒಂದು ತರ್ಕ, ಅಷ್ಟೇ ಕಾಣುತ್ತದೆ: ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲಾಗದೋ ಅದೇ ದೇವರು; ಅದು ಬರೀ ಮನಸ್ಸಿನಲ್ಲಿದ್ದರೆ ಅದಕ್ಕಿಂತ ದೊಡ್ಡದನ್ನು ಯೋಚಿಸಬಹುದು, ಹಾಗಾಗಿ ಅದು ನಿಜಕ್ಕೂ ಇರಲೇಬೇಕು. ಮೇಷ್ಟ್ರು ಮಾತ್ರ ‘ಇದು ಅಧ್ಯಾತ್ಮ ಸಾಧನೆಯ ಪುಸ್ತಕ’ ಅನ್ನುತ್ತಾರೆ. ಹೇಗೆ ಓದಲಿ?

ಉತ್ತರ: ನಿಮಗೆ ಆ ತರ್ಕವಿರುವ ಎರಡನೇ ಅಧ್ಯಾಯದ ಜೆರಾಕ್ಸ್ ಮಾತ್ರ ಕೊಟ್ಟಿರಬೇಕು, ಅಲ್ವಾ? ನಮಗೂ ಹಾಗೇ ಕೊಟ್ಟಿದ್ದರು. ಮೊದಲನೇ ಅಧ್ಯಾಯದಿಂದ ಶುರು ಮಾಡಿ. ಅಲ್ಲಿ ತರ್ಕವೇ ಇಲ್ಲ. ಕೆಲಸಗಳನ್ನು ಸ್ವಲ್ಪ ಹೊತ್ತು ಬಿಡು, ಮನಸ್ಸಿನ ಕೋಣೆಯೊಳಗೆ ಹೋಗು, ದೇವರನ್ನು ಹುಡುಕಲು ಬೇಡದ್ದನ್ನೆಲ್ಲ ಹೊರಗಿಟ್ಟು ಬಾಗಿಲು ಹಾಕಿಕೋ ಅಂತ ಶುರುವಾಗುತ್ತದೆ. ಆಮೇಲೆ ಬರುವ ತರ್ಕವನ್ನೂ ದೇವರಿಗೇ ‘ನೀನು’ ಅಂತ ಹೇಳುತ್ತಾ ಹೋಗುತ್ತಾನೆ. ಗಟ್ಟಿಯಾಗಿ ಓದಿ ನೋಡಿ, ಪ್ರಾರ್ಥನೆ ಅನ್ನೋದು ಕಿವಿಗೇ ಗೊತ್ತಾಗುತ್ತದೆ.

ಅವನ ಶಿಷ್ಯ ಈಡ್ಮರ್ ಬರೆದ ಜೀವನಚರಿತ್ರೆಯೂ ಜೊತೆಗಿರಲಿ. ನನಗೆ ಪುಸ್ತಕ ತೆರೆದುಕೊಂಡಿದ್ದೇ ಅದರಿಂದ. 1077–78ರ ಸುಮಾರು, ನಾರ್ಮಂಡಿಯ ಬೆಕ್ ಮಠ. ಈ ಒಂದು ಯೋಚನೆ ತಲೆಹೊಕ್ಕು ಆನ್ಸೆಲ್ಮನಿಗೆ ಊಟ, ನಿದ್ದೆ ಎರಡೂ ಕೆಟ್ಟವಂತೆ. ಪ್ರಾರ್ಥನೆಗೆ ನಿಂತರೂ ಮನಸ್ಸು ಅಲ್ಲೇ. ಇದು ಸೈತಾನನ ಕಾಟ ಇರಬೇಕು ಅಂತ ಬಿಡಲು ನೋಡಿದ, ಅದು ಬಿಡಲಿಲ್ಲ. ಕೊನೆಗೆ ಒಂದು ರಾತ್ರಿ, ಪ್ರಾರ್ಥನೆಯ ಹೊತ್ತಿನಲ್ಲೇ ಹೊಳೆಯಿತು. ಮೇಣದ ಹಲಗೆಗಳ ಮೇಲೆ ಬರೆದು ಮಠದವರೊಬ್ಬರ ಕೈಗೆ ಕೊಟ್ಟ. ಕಳೆದುಹೋಯಿತು. ಮತ್ತೆ ಬರೆದ. ಈ ಸಲ ಹಲಗೆಗಳು ಒಡೆದು ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿದ್ದವು. ಚೂರುಗಳನ್ನು ಆಯ್ದು, ಹೇಗೋ ಜೋಡಿಸಿ, ಆಮೇಲೆ ಚರ್ಮದ ಹಾಳೆಗೆ ಇಳಿಸಿದ್ದು. ಬರೀ ಪರೀಕ್ಷೆಯ ಉತ್ತರಕ್ಕೆ ಯಾರೂ ಇಷ್ಟು ಒದ್ದಾಡುವುದಿಲ್ಲ.

ಇನ್ನೊಬ್ಬರು: ಓದುವ ರೀತಿಗೆ ಎರಡನೇ ಗೀಗೊ ಸಹಾಯಕ್ಕೆ ಬರುತ್ತಾನೆ. 12ನೇ ಶತಮಾನದವನು, ಏಕಾಂತ, ಮೌನದಲ್ಲಿ ಬದುಕುವ ಕಾರ್ತೂಸಿಯನ್ ಅನ್ನುವ ಕ್ರೈಸ್ತ ಪಂಥದ ಸನ್ಯಾಸಿ. ಓದು, ಮನನ, ಪ್ರಾರ್ಥನೆ, ಧ್ಯಾನ ಅಂತ ನಾಲ್ಕು ಮೆಟ್ಟಿಲು ಹೇಳುತ್ತಾನೆ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿ ಹಿಡಿಯುತ್ತದೆ, ಧ್ಯಾನವೇ ಆ ಸಿಹಿ. ನಾನು ದಿನಕ್ಕೊಂದು ಪ್ಯಾರಾ ಮಾತ್ರ ಓದುತ್ತಿದ್ದೆ, ನಂಬಿಕೆ ಇಲ್ಲದಿದ್ದರೂ. ಪರೀಕ್ಷೆ ತಲೆ ಮೇಲೆ ಕೂತಿದ್ದರೆ ಈ ದಾರಿ ಬೇಡ.

ಮತ್ತೊಬ್ಬರು: ಹಾಗಂತ ತರ್ಕವನ್ನು ಸುಮ್ನೆ ದಾಟಬೇಡಿ. ಮಠದವರೂ ದಾಟಿಲ್ಲ. ಗೌನಿಲೋ ಅನ್ನುವ ಸನ್ಯಾಸಿಯೇ ತಕರಾರು ತೆಗೆದ: ಇದೇ ಲೆಕ್ಕದಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದ ದ್ವೀಪವೊಂದೂ ಇರಲೇಬೇಕಲ್ಲ? ಆನ್ಸೆಲ್ಮ್ ಸಿಟ್ಟಾಗಲಿಲ್ಲ. ಆ ತಕರಾರನ್ನೂ ತನ್ನ ಉತ್ತರವನ್ನೂ ಪುಸ್ತಕದ ಕೊನೆಗೆ ಸೇರಿಸಿಯೇ ನಕಲು ಮಾಡಿ ಅಂದ. ಈಗಿನ ಎಷ್ಟೋ ಮುದ್ರಣಗಳಲ್ಲೂ ಅವು ಇವೆ. ವೈವಾದಲ್ಲಿ ನನಗೆ ಜಾಸ್ತಿ ಪ್ರಶ್ನೆ ಬಂದಿದ್ದು ಅಲ್ಲಿಂದಲೇ.