ಹಳೆಯ ಟ್ರಾವೆಲ್ ಟ್ರೇಲರಿನ ದುರಸ್ತಿಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಾರಿಗೆ ಕಟ್ಟಿ ಎಳೆಯುವ, ಒಂದೇ ಆಕ್ಸಲಿನ ಹಳೆಯ ಟ್ರಾವೆಲ್ ಟ್ರೇಲರೊಂದನ್ನು ಕೊಂಡಿದ್ದೇನೆ. ಮರದ ಚೌಕಟ್ಟಿಗೆ ಹೊರಗಿನಿಂದ ಅಲ್ಯೂಮಿನಿಯಂ ತಗಡು, ಒಳಗಿನಿಂದ ತೆಳು ಪ್ಲೈವುಡ್ ಹೊಡೆದಿದ್ದಾರೆ. ಹಲವು ವರ್ಷ ಬಯಲಿನಲ್ಲಿ ನಿಂತಲ್ಲೇ ನಿಂತಿದ್ದುದರಿಂದ ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಮುಂಭಾಗದ ಕಿಟಕಿಯ ಕೆಳಗೆ ಅಂಗೈಯಗಲದಷ್ಟು ಹಲಗೆ ಉಬ್ಬಿದ್ದು, ಹೆಬ್ಬೆರಳಿನಿಂದ ಒತ್ತಿದರೆ ನೆನೆದ ರಟ್ಟಿನಂತೆ ಒಳಕ್ಕೆ ಹೋಗುತ್ತದೆ. ಮೊದಲು ಆ ಹಲಗೆಯನ್ನು ಬದಲಿಸಿ, ಒಳಗೆಲ್ಲ ಬಣ್ಣ ಬಳಿದು, ನೆಲಕ್ಕೆ ಹೊಸ ಹಾಸು ಹಾಕಿ, ಕೊನೆಯಲ್ಲಿ ಲಿಥಿಯಂ ಬ್ಯಾಟರಿ ಮತ್ತು ಸೋಲಾರ್ ಪ್ಯಾನೆಲ್ ಕೂರಿಸಬೇಕೆಂಬುದು ನನ್ನ ಯೋಜನೆ. ಟೈರುಗಳ ಬಟನ್ (ರಸ್ತೆಗೆ ತಾಗುವ ಮೇಲ್ಮೈಯ ಉಬ್ಬು ಅಚ್ಚು) ಸವೆದಿಲ್ಲವಾದ್ದರಿಂದ ಅವನ್ನು ಹಾಗೆಯೇ ಉಳಿಸಿಕೊಳ್ಳಬಹುದು ಎಂದುಕೊಂಡಿದ್ದೇನೆ. ಮರಗೆಲಸವೂ ಮನೆಯ ವೈರಿಂಗ್ ಕೆಲಸವೂ ನನಗೆ ಅಷ್ಟಿಷ್ಟು ಗೊತ್ತು. ಈ ಕ್ರಮ ಸರಿಯಿದೆಯೇ?

ಉತ್ತರ 1

ದಯವಿಟ್ಟು ಬಣ್ಣದ ಡಬ್ಬಿಯನ್ನು ಸದ್ಯಕ್ಕೆ ತೆರೆಯಬೇಡಿ. ನೀರು ಎಲ್ಲಿಂದ ಒಳಬರುತ್ತಿದೆ ಎಂಬುದು ತಿಳಿಯುವವರೆಗೆ ಒಳಗಿನ ಒಂದು ಹಲಗೆಯನ್ನೂ ಬದಲಿಸಬಾರದು. ನಾನು ನನ್ನ ಟ್ರೇಲರಿನಲ್ಲಿ ಇದೇ ತಪ್ಪು ಮಾಡಿ, ಒಂದೇ ಮಳೆಗಾಲದಲ್ಲಿ ಹೊಸ ಹಲಗೆಯೂ ಅದೇ ಜಾಗದಲ್ಲಿ ಉಬ್ಬಿದ್ದನ್ನು ಕಂಡೆ.

ಕಿಟಕಿಯ ಕೆಳಗೆ ಉಬ್ಬಿದೆ ಎಂದಮಾತ್ರಕ್ಕೆ ಕಿಟಕಿಯೇ ಸೋರುತ್ತಿದೆ ಎಂದು ತೀರ್ಮಾನಿಸಲಾಗದು. ಛಾವಣಿಯೂ ಗೋಡೆಯೂ ಕೂಡುವ ಅಂಚಿನಲ್ಲಿ ಉದ್ದಕ್ಕೆ ಒಂದು ಲೋಹದ ಪಟ್ಟಿ ಇರುತ್ತದೆ. ಅದರ ಸ್ಕ್ರೂಗಳನ್ನು ಮುಚ್ಚಿರುವ ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಕುಗ್ಗಿದಾಗ ನೀರು ಸ್ಕ್ರೂಗಳ ಗುಂಟ ಇಳಿದು, ಚೌಕಟ್ಟಿನ ಮರವನ್ನು ನೆನೆಸುತ್ತಾ ಹೋಗಿ, ಎಷ್ಟೋ ಕೆಳಗೆ ಕಾಣಿಸಿಕೊಳ್ಳುತ್ತದೆ. ಆ ಪಟ್ಟಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ತಲೆ ಹೊಳೆಯುತ್ತಿದ್ದರೂ ಕಾಂಡ ತುಕ್ಕು ತಿಂದು ಸೂಜಿಯಂತಾಗಿದ್ದರೆ ನೀರಿನ ದಾರಿ ಅಲ್ಲೇ ಇದೆ. ಆಮೇಲೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕುಳಿತಿರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಛಾವಣಿಗೆ ಸುರಿದರೆ ಎಲ್ಲವೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ.

ಪಟ್ಟಿ, ಕಿಟಕಿ, ಗಾಳಿಕಿಂಡಿಗಳ ಅಂಚಿನ ಕೆಳಗೆ ಬ್ಯೂಟೈಲ್ ಟೇಪ್ (ಮೆತ್ತಗಿನ, ಅಂಟುವ ರಬ್ಬರ್ ಪಟ್ಟಿ) ಹಾಕಿ. ಛಾವಣಿಯ ಕೀಲುಗಳ ಮೇಲೆ, ಅಲ್ಲಿನ ಹೊದಿಕೆಗೆ ಒಗ್ಗುವ, ತಾನಾಗಿ ಹರಡಿಕೊಳ್ಳುವ ಸೀಲಂಟ್ (ಸಂದು ಮುಚ್ಚುವ ಲೇಪ) ಬಳಸಿ. ಸಾಮಾನ್ಯ ಸಿಲಿಕೋನ್ ಮಾತ್ರ ಬೇಡವೇ ಬೇಡ: ಅದು ಬಿಟ್ಟುಕೊಂಡಾಗ ಅದರ ಮೇಲೆ ಬೇರೇನೂ ಅಂಟುವುದಿಲ್ಲ, ಕೆರೆದು ತೆಗೆಯಲು ದಿನಗಟ್ಟಲೆ ಬೇಕು.

ಉತ್ತರ 2

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ನಾನು ಚಕ್ರಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ಗೋಡೆ ಸೋರಿದರೆ ಮರ ಕೊಳೆಯುತ್ತದೆ, ಟೈರ್ ಸಿಡಿದರೆ ಜೀವಕ್ಕೇ ಅಪಾಯ.

ಟ್ರೇಲರಿನ ಟೈರು ಸವೆದು ಹಾಳಾಗುವುದಕ್ಕಿಂತ ವಯಸ್ಸಾಗಿ ಹಾಳಾಗುವುದೇ ಹೆಚ್ಚು. ಅದರ ಪಕ್ಕೆಯ ಮೇಲೆ ಅಚ್ಚೊತ್ತಿದ ತಯಾರಿಕೆಯ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ಓದಿ: 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ ಟೈರಿನ ಬಟನ್ ಎಷ್ಟೇ ಚೆನ್ನಾಗಿ ಕಂಡರೂ ನಾನಂತೂ ಅದನ್ನು ನಂಬಿ ಹೆದ್ದಾರಿಗೆ ಇಳಿಯುವುದಿಲ್ಲ.

ಟೈರು ಬಿಚ್ಚಿದಾಗಲೇ ಬೇರಿಂಗುಗಳನ್ನೂ ಹೊರತೆಗೆಯಿರಿ. ಗ್ರೀಸ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ರೋಲರುಗಳ ಮೇಲೆ ನೀಲಿ ಛಾಯೆಯಿದ್ದರೆ ಅತಿಯಾಗಿ ಕಾದಿವೆ, ಚುಕ್ಕೆಚುಕ್ಕೆಯಾಗಿ ಗುಳಿ ಬಿದ್ದಿದ್ದರೆ ಬಾಳಿಕೆ ಮುಗಿದಿದೆ. ಹಳೆಯ ಗ್ರೀಸನ್ನು ಪೂರ್ತಿ ತೊಳೆದು ಹೊಸದು ತುಂಬಿ, ಸೀಲನ್ನೂ, ಆಕ್ಸಲಿನ ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಕಾಟರ್ ಪಿನ್ನನ್ನೂ ಹೊಸದಾಗಿ ಹಾಕಿ. ನಿಂತ ಟ್ರೇಲರ್ ಅಲುಗದಂತೆ ಮೂಲೆಗಳಲ್ಲಿ ಇಳಿಬಿಡುವ ಕಾಲುಗಳಿಂದ ಗಾಡಿಯನ್ನು ಎಂದೂ ಎತ್ತಬೇಡಿ, ಅವು ಆ ಭಾರಕ್ಕೆ ಮಾಡಿದವಲ್ಲ. ಚಾಸಿಯ ಉಕ್ಕಿನ ಕೆಳಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ನಿಲ್ಲಿಸಿದ ಮೇಲೆಯೇ ಕೈ ಹಾಕಿ.

ಭಾರದ ಲೆಕ್ಕವನ್ನೂ ಬರೆದಿಡಿ. ಉತ್ತರ ಅಮೆರಿಕದ ಮಾದರಿಯ ಟ್ರೇಲರುಗಳಲ್ಲಿ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕಾರಿಗೆ ಕಟ್ಟುವ ಕೊಕ್ಕೆಯ ಮೇಲೆ ಬೀಳಬೇಕೆಂಬ ರೂಢಿಯಿದೆ. ಯುರೋಪಿನ ಹಗುರ ಕ್ಯಾರವಾನುಗಳಲ್ಲಿ ಅದು ಸುಮಾರು ಶೇಕಡಾ 5ರಿಂದ 7. ಹೊಸ ಕಪಾಟು, ನೀರಿನ ಟ್ಯಾಂಕುಗಳನ್ನು ಹಿಂದಕ್ಕೆ ಕೂರಿಸಿ ಮೂತಿ ಹಗುರವಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಟೈರಿನ ಮೇಲೆ 0912 ಎಂದಿದೆ, ಆದ್ದರಿಂದ ಆ ಮಾತು ಮುಗಿಯಿತು. ಸಂಶಯವಿದ್ದ ಕಡೆಗಳಲ್ಲೆಲ್ಲ ದಬ್ಬಣದಿಂದ ಚುಚ್ಚಿ ನೋಡಿದೆ: ಕಿಟಕಿಯ ಕೆಳಗಷ್ಟೇ ಅಲ್ಲ, ಎಡಮೂಲೆಯ ಕಂಬ ಛಾವಣಿಯವರೆಗೂ ಮೆತ್ತಗಾಗಿದೆ, ದಬ್ಬಣ ಹಿಡಿಯವರೆಗೆ ಇಳಿಯಿತು. ಹಲಗೆ ಕಿತ್ತು ಆ ಕಂಬವನ್ನೇ ಬದಲಿಸಬೇಕಾಗಿದೆ. ವಿದ್ಯುತ್ತು ಮತ್ತು ಗ್ಯಾಸಿನ ವಿಷಯದಲ್ಲಿ ಏನು ನೋಡಬೇಕು?

ಉತ್ತರ 3

ಗೋಡೆ ತೆರೆದಿರುವುದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ವೈರುಗಳನ್ನು ಕೊನೆಗೆ ಬಿಡದೆ ಈಗಲೇ ಎಳೆದುಬಿಡಿ.

ಮನೆಯ ವೈರಿಂಗಿನ ಅಂದಾಜು 12 ವೋಲ್ಟಿಗೆ ಹೊಂದುವುದಿಲ್ಲ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 10 ಆಂಪಿಯರ್ ಕಳಿಸಬೇಕಾದರೆ ಹೋಗಿ ಬರುವ ತಂತಿ ಸೇರಿ 10 ಮೀಟರ್ ಆಗುತ್ತದೆ, 2.5 ಚದರ ಮಿಲಿಮೀಟರಿನ ತಾಮ್ರದಲ್ಲಿ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 6 ಚದರ ಮಿಲಿಮೀಟರಿನದಾದರೆ ಸುಮಾರು 0.3 ವೋಲ್ಟ್. ಮುಖ್ಯ ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ ಇರಲಿ. ದೂರವಿಟ್ಟರೆ ನಡುವಿನ ತಂತಿಗೆ ರಕ್ಷಣೆಯೇ ಇರುವುದಿಲ್ಲ.

ಲಿಥಿಯಂ ಬ್ಯಾಟರಿಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು ಒಳ್ಳೆಯ ಆಯ್ಕೆ. 100 ಆಂಪಿಯರ್-ಅವರ್ (Ah) ಸಾಮರ್ಥ್ಯದ್ದು 1,280 ವ್ಯಾಟ್-ಅವರ್ (Wh) ವಿದ್ಯುತ್ತು ಹಿಡಿಯುತ್ತದೆ, ಅದರ ಬಹುಪಾಲು ಬಳಸಬಹುದು; ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಅದರ ಆಯುಸ್ಸು ತಗ್ಗುತ್ತದೆ. ಆದರೆ ಹಳೆಯ ಚಾರ್ಜರುಗಳು ಲಿಥಿಯಮ್ಮಿಗೆ ಬೇಕಾದ 14.4 ವೋಲ್ಟಿನ ಆಸುಪಾಸಿಗೆ ಏರದಿರಬಹುದು, ಮೀಟರ್ ಹಿಡಿದು ನೋಡಿ. ಶೂನ್ಯ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಸೋಲಾರ್ ಪ್ಯಾನೆಲಿಗಾಗಿ ಛಾವಣಿಯಲ್ಲಿ ಕೊರೆಯುವ ಪ್ರತಿ ತೂತೂ ನೀರಿಗೆ ಹೊಸ ಬಾಗಿಲು ಎಂಬುದನ್ನು ಮರೆಯದೆ, ಅಲ್ಲಿಯೂ ಅದೇ ಶ್ರದ್ಧೆಯಿಂದ ಸೀಲ್ ಮಾಡಿ.

ಗ್ಯಾಸಿನ ರಬ್ಬರ್ ಕೊಳವೆ ಮತ್ತು ರೆಗ್ಯುಲೇಟರುಗಳನ್ನು ವಿಚಾರ ಮಾಡದೆ ಬದಲಿಸಿ. ಕೀಲುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಒಟ್ಟು ಪೈಪಿನ ಒತ್ತಡ ಪರೀಕ್ಷೆಯನ್ನು ಮಾತ್ರ ಅದನ್ನು ಬಲ್ಲ ತಂತ್ರಜ್ಞರಿಂದಲೇ ಮಾಡಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅದರ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮಾನಾಕ್ಸೈಡಿಗೆ ಬೇರೆಯದೇ ಅಲಾರಂ ಬೇಕು. ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜಿನ ಹಿಂಬದಿಯಲ್ಲಿ ಹಳದಿ ಪುಡಿಯೋ ಅಮೋನಿಯಾ ವಾಸನೆಯೋ ಇದ್ದರೆ ಅದರ ಕೊಳವೆ ಸೋರಿದೆ, ಅದನ್ನು ಚಾಲೂ ಮಾಡಬೇಡಿ.

ಉತ್ತರ 1

ಇನ್ನೊಂದು ಮಾತು. ಹೊಸ ಕಂಬ ಕೂರಿಸಿದ ಮೇಲೆ ಒಳಗಿನ ಹಲಗೆ ಹಾಕುವ ಮುನ್ನ ಪೈಪಿನ ನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ತೇವದ ಮೀಟರನ್ನು ಅಕ್ಕಪಕ್ಕದ ಹಳೆಯ ಮರಕ್ಕೆ ಚುಚ್ಚಿ, ಶೇಕಡಾ 15ಕ್ಕಿಂತ ಕೆಳಗೆ ಇಳಿಯುವವರೆಗೆ, ವಾರಗಳೇ ಹಿಡಿದರೂ, ಗೋಡೆಯನ್ನು ತೆರೆದೇ ಇಡಿ.